ಹಾಸುಬಂಡೆಯ ದೊಣೆ

ಇದನ್ನು ಓದುವವರಲ್ಲಿ ಬಹಳ ಮಂದಿ ನಂಬುವುದಿಲ್ಲವೆಂದು ನನಗೆ ಗೊತ್ತು. ಅವರ ಮೇಲೆ ನನಗೆ ಬೇಸರವಿಲ್ಲ. ಆ ಒಂದು ಸಂಜೆಯವರೆಗೆ ನಾನೂ ಅವರ ಪೈಕಿಯೇ ಇದ್ದೆ. ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಹುಣಿಸೇಮರದ ಕೆಳಗೆ ಬಿಳೀ ಸೀರೆ ನಿಂತಿತ್ತು ಎಂದು ಯಾರಾದರೂ ಹೇಳಿದರೆ, ಯಾರೋ ಒಗೆದು ಒಣಹಾಕಿರಬೇಕು ಎಂದು ನಗುತ್ತಿದ್ದೆ. ಹರಕೆ ಹೊತ್ತದ್ದರಿಂದಲೇ ನನ್ನ ಟೈಫಾಯಿಡ್ ಬಿಟ್ಟಿತು ಎಂದು ನಮ್ಮ ತಾಯಿ ಹೇಳಿದಾಗ, ಹಾಗಾದರೆ ಡಾಕ್ಟರು ದಿನಾ ಏಕೆ ಬರುತ್ತಿದ್ದರು ಎಂದು ಕೇಳಿದವನು ನಾನು. ಈಗಲೂ ಯಾವ ಪವಾಡಕ್ಕೂ ಸಾಕ್ಷಿ ಹೇಳಲು ಕೂತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಆ ಕಾಲದಲ್ಲಿ ನನಗೆ ಒಂದು ಹುಚ್ಚಿತ್ತು. ಊರಾಚೆ ಡೇರೆ ಹಾಕಿಕೊಂಡು ಒಂದು ರಾತ್ರಿ ಕಳೆಯಲು ಒಳ್ಳೆಯ ಜಾಗಗಳನ್ನು ಹುಡುಕುವುದು. ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಬೆಂಗಳೂರಿನ ದಂಡಿನ ಕಡೆ ಮಿಲಿಟರಿಯವರು ಬಿಟ್ಟುಹೋದ ಸಾಮಾನುಗಳೆಲ್ಲ ಹರಾಜಿಗೆ ಬರುತ್ತಿದ್ದವು. ನನ್ನ ಗೆಳೆಯ ಕೆಂಪರಾಜು ಅಲ್ಲಿಂದ ತೇಪೆ ಹಾಕಿದ ಒಂದು ಡೇರೆ, ಬೆನ್ನಿಗೆ ಕಟ್ಟಿಕೊಳ್ಳುವ ಚೀಲಗಳು, ನೀರು ತುಂಬಿಸುವ ಒಂದು ಕ್ಯಾನ್ವಾಸ್ ಚೀಲ ಇಷ್ಟನ್ನು ಹೊತ್ತು ತಂದ. ಕೆಂಪರಾಜು ಕಾಲೇಜಿನಿಂದ ನನ್ನ ಜೊತೆಗಾರ, ಆಮೇಲೆ ಅವನ ತಂಗಿಯನ್ನೇ ನಾನು ಮದುವೆಯಾದೆ. ನೆಂಟಸ್ತಿಕೆ ಬೆಳೆದರೂ ನಮ್ಮಿಬ್ಬರ ನಡುವೆ ಹೋಗೋ ಬಾರೋ ಎನ್ನುವ ಸಲಿಗೆ ಹಾಗೆಯೇ ಉಳಿದಿತ್ತು.

ಒಳ್ಳೆಯ ಜಾಗ ಅಂದರೆ ನಮ್ಮ ಲೆಕ್ಕದಲ್ಲಿ ಹೀಗೆ. ಬೆಳಗ್ಗೆ ಬೆಂಗಳೂರು ಬಿಟ್ಟರೆ ಹೊತ್ತು ಮುಳುಗುವುದರೊಳಗೆ ಡೇರೆ ಎದ್ದಿರಬೇಕು, ಮಾರನೆಯ ದಿನ ಸಂಜೆಗೆ ಮನೆ ಸೇರಿರಬೇಕು. ನೆಲ ಮಟ್ಟಸವಾಗಿರಬೇಕು, ಗಾಳಿಗೆ ಒಂದು ಮರೆ ಇರಬೇಕು, ಊರು ತೀರ ಹತ್ತಿರವೂ ಇರಬಾರದು ತೀರ ದೂರವೂ ಇರಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಕುಡಿಯುವ ನೀರು ಇರಬೇಕು. ದೇವನಹಳ್ಳಿ ಕಡೆ ಒಂದು ಹೊಂಗೇತೋಪು ಸಿಕ್ಕಿತ್ತು, ನೆರಳು ಸೊಗಸಾಗಿತ್ತು, ಆದರೆ ಕೆಂಜಿಗದ ಕಾಟಕ್ಕೆ ಓಡಿಬಂದೆವು. ಹೊಸಕೋಟೆ ಕೆರೆಯ ಹಿಂದುಗಡೆ ಗಾಳಿ ಡೇರೆಯನ್ನೇ ಕಿತ್ತುಕೊಂಡು ಹೋಯಿತು. ದೊಡ್ಡಬಳ್ಳಾಪುರದಾಚೆ ಮಾಕಳಿ ಬೆಟ್ಟದ ಮೇಲೆ ಮಲಗಿದ ದಿನ ಕೆಳಗೆ ರೈಲು ತಿರುವು ಹಾಕಿ ಹೋಗುವುದನ್ನು ನೋಡುತ್ತಾ ಊಟವನ್ನೇ ಮರೆತಿದ್ದೆವು. ರಜೆ ಬಂತೆಂದರೆ ಶಾಲೆಯ ಬೇರೆ ಮೇಷ್ಟ್ರುಗಳು ಸಹ, "ಈ ಸಲ ಹುಡುಗರನ್ನ ಎಲ್ಲಿಗೆ ಕರ್ಕೊಂಡ್ ಹೋಗೋಣ, ಹೇಳಿ" ಎಂದು ನನ್ನನ್ನೇ ಕೇಳುತ್ತಿದ್ದರು.

ಆ ವರ್ಷ ಯುಗಾದಿ ಕಳೆದು ಬೇಸಿಗೆ ರಜೆ ಶುರುವಾಗಿತ್ತು. ಸೋಂಪುರದಾಚೆ ಒಂದು ಬೋಳು ಬೆಟ್ಟವಿದೆ, ಶಿವಗಂಗೆಯ ಬೆಟ್ಟ ಅಲ್ಲಿಂದ ಎದುರಿಗೇ ಕಾಣುತ್ತದೆ ಎಂದು ಕೆಂಪರಾಜು ಯಾರಿಂದಲೋ ಕೇಳಿಕೊಂಡು ಬಂದ. ಸುತ್ತಲಿನವರು ಅದನ್ನು ಹಾಸುಬಂಡೆ ಎನ್ನುತ್ತಾರಂತೆ. ನಾವಿಬ್ಬರೂ ಹೊರಡುವ ಮಾತಾಡುತ್ತಿದ್ದಾಗ ನನ್ನ ಹೆಂಡತಿ ಜಯಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

"ಈ ಸಲ ನಾನೂ ಬರ್ತೀನಿ."

"ಬೆಟ್ಟ ಹತ್ತಕ್ಕಾಗುತ್ತೇನೇ ನಿಂಗೆ?" ಅಂದ ಕೆಂಪರಾಜು.

"ಹಲಸಿನ ಮರ ಹತ್ತಿ ಇಳಿಯಕ್ಕಾಗ್ದೆ ಅಳ್ತಾ ಕೂತಿದ್ದೋನು ನೀನು ಕಣಣ್ಣ. ಇಳಿಸಿದ್ದು ನಾನು. ಭಾನುವಾರ ಬಂದ್ರೆ ನೀವಿಬ್ರೂ ಬೆಟ್ಟ, ನಾನು ನಿಮ್ಮ ಬಟ್ಟೆ ಮಣ್ಣು ಒಗೀತಾ ಕೂತ್ಕೋಬೇಕಾ?"

ನಮ್ಮ ತಾಯಿ ಜನ ಏನೆಂದುಕೊಂಡಾರು ಎಂದು ಗೊಣಗಿದರು. ಆದರೂ ಹುರಿಟ್ಟು, ಚಕ್ಕುಲಿ ಕಟ್ಟಿಕೊಟ್ಟು ಕಳಿಸಿದರು.

ಬೆಳಗಿನ ಬಸ್ಸು ಹಿಡಿದೆವು. ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಅದು. ಏರು ಬಂದಾಗಲೆಲ್ಲ ಉಬ್ಬಸದವರ ಹಾಗೆ ನಿಂತು ನಿಂತು ಉಸಿರೆಳೆಯುತ್ತಿತ್ತು. ಅರಿಶಿನಕುಂಟೆಯ ಹತ್ತಿರ ಒಮ್ಮೆ ಕೆಟ್ಟು ನಿಂತಿತು, ನೆಲಮಂಗಲದಲ್ಲಿ ಇನ್ನೊಮ್ಮೆ. ದಾಬಸ್‌ಪೇಟೆಯಲ್ಲಿ ಇಳಿದು, ಸೋಂಪುರ ದಾಟಿ, ಹೊಲದ ಬದುಗಳ ಮೇಲೆ ನಡೆದು ಬೆಟ್ಟದ ಬುಡ ಸೇರುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬುಡದಲ್ಲಿ ನಾಲ್ಕಾರು ಮನೆಗಳ ಒಂದು ಸಣ್ಣ ಹಳ್ಳಿ. ಅಲ್ಲಿ ಹನುಮಯ್ಯ ಎಂಬ ರೈತರ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದೆವು. ಹನುಮಯ್ಯನವರ ತಾಯಿ, ಹಣ್ಣುಹಣ್ಣು ಮುದುಕಿ, ಜಯಮ್ಮನ ಗಲ್ಲ ಹಿಡಿದು ನೋಡಿ, "ಈ ಬಿಸ್ಲಲ್ಲಿ ಎಲ್ಲೋಯ್ತೀಯವ್ವ? ಮ್ಯಾಲೆ ಏನೈತೆ ಅಂತ?" ಎಂದು ಕೇಳಿದಳು.

"ಮೇಲೆ ನೀರಿದೆಯಾ ಅಜ್ಜಿ?" ಎಂದೆ.

"ಒಂದ್ ದೊಣೆ ಐತೆ. ಮಳೆಗಾಲದಲ್ಲಿ ತುಂಬ್ತದೆ. ಈಗೆಲ್ಲಿ ನೀರು? ಶಿವರಾತ್ರಿಗೇ ಬತ್ತೋಯ್ತು. ಕುರಿಗಳನ್ನೂ ಈಗ ಮ್ಯಾಕ್ ಹೊಡಿಯಲ್ಲ."

ದೊಣೆ ಎಂದರೆ ಬಂಡೆಯ ಮೇಲೆ ತಾನಾಗಿ ಆದ ಹೊಂಡ, ಮಳೆಯ ನೀರು ನಿಲ್ಲುವ ಜಾಗ. ಅದು ಎಷ್ಟು ದೊಡ್ಡದಿದೆ ಎಂದು ನೋಡಿಕೊಂಡರೆ ಚಳಿಗಾಲದಲ್ಲಿ ಹುಡುಗರನ್ನು ಕರೆತರಬಹುದು ಎಂಬುದು ನಮ್ಮ ಯೋಚನೆ. ಒಂದು ರಾತ್ರಿಗೆ ಬೇಕಾದ ನೀರನ್ನು ಹನುಮಯ್ಯನವರ ಬಾವಿಯಿಂದ ಸೇದಿ ಕ್ಯಾನ್ವಾಸ್ ಚೀಲಕ್ಕೆ ತುಂಬಿಕೊಂಡೆವು. ಕೆಂಪರಾಜು ಅದನ್ನು ಬೆನ್ನಿಗೆ ಹಾಕಿಕೊಂಡ.

ದಾರಿ ಮೊದಲು ಲಂಟಾನ ಪೊದೆಗಳ ನಡುವೆ, ಆಮೇಲೆ ಬರೀ ಬಂಡೆ. ಕಡಿದಾದ ಕಡೆ ಯಾರೋ ಹಿಂದಿನವರು ಹೆಜ್ಜೆ ಇಡುವಷ್ಟು ಗುಳಿ ಕೊರೆದಿದ್ದರು. ಬಂಡೆ ಕಾದ ಕಾವಲಿಯಾಗಿತ್ತು. ಜಯಮ್ಮ ಸೀರೆ ಎತ್ತಿ ಕಟ್ಟಿ ನಮಗಿಂತ ಮುಂದೆ ಹತ್ತುತ್ತಿದ್ದಳು. ಕೊನೆಗೆ ಮೂವರೂ ಮೇಲೆ ತಲುಪಿದೆವು. ಪಶ್ಚಿಮಕ್ಕೆ ಶಿವಗಂಗೆ, ಕೆಳಗೆ ಒಣಗಿದ ಕೆರೆಗಳು, ರಾಗಿ ಹೊಲಗಳ ಕೆಂಪು ನೆಲ, ಅಲ್ಲೊಂದು ಇಲ್ಲೊಂದು ತೋಪು. ಇಷ್ಟು ದಿನ ಹುಡುಕಿದ್ದು ಇದನ್ನೇ ಎಂದು ನನಗೆ ಅನಿಸಿತು. ಎರಡು ದೊಡ್ಡ ಗುಂಡುಕಲ್ಲುಗಳ ನಡುವೆ ಡೇರೆಗೆ ಹೇಳಿ ಮಾಡಿಸಿದಂಥ ಜಾಗವೂ ಇತ್ತು.

ನೀರು ಕುಡಿಯೋಣವೆಂದು ಕೆಂಪರಾಜು ಚೀಲ ಇಳಿಸಿದ. ಚೀಲ ಚಪ್ಪಟೆಯಾಗಿತ್ತು. ತಳದ ಹೊಲಿಗೆ ಬಿಟ್ಟಿತ್ತು. ದಾರಿಯುದ್ದಕ್ಕೂ ಬೆನ್ನು ಒದ್ದೆಯಾದದ್ದು ಬೆವರು ಎಂದೇ ಅವನು ತಿಳಿದಿದ್ದ. ಹಿಂಡಿದರೆ ಎರಡು ಗುಟುಕು ಸಿಕ್ಕಿತು, ಅದನ್ನು ಜಯಮ್ಮನಿಗೆ ಕೊಟ್ಟೆವು.

ನಾವಿಬ್ಬರೂ ಹೋಗಿ ದೊಣೆ ನೋಡಿದೆವು. ಡೇರೆಯ ಜಾಗದಿಂದ ಕೂಗಳತೆ ದೂರ. ಒಂದು ಸಣ್ಣ ಕೋಣೆಯಷ್ಟಿತ್ತು, ಆಳ ಎದೆಮಟ್ಟ. ನಾನು ಒಳಗೆ ಇಳಿದೆ. ತಳದಲ್ಲಿ ಬಿರುಕು ಬಿಟ್ಟ ಕೆಸರು, ಅದರ ಮೇಲೆ ಹಿಟ್ಟಿನಂಥ ಧೂಳು, ಗಾಳಿ ತಂದು ಹಾಕಿದ ಒಣ ಎಲೆ. ಒಂದು ಮೂಲೆಯಲ್ಲಾದರೂ ತೇವ ಇದ್ದೀತೆಂದು ಕೋಲಿನಿಂದ ಕೆದಕಿದೆ. ಕೋಲು ಬಂಡೆಗೆ ತಾಗಿ ಟಣ್ ಎಂದಿತು. ಅಷ್ಟೇ. ಬೆಟ್ಟದ ತಲೆಯೇನೂ ದೊಡ್ಡದಲ್ಲ, ಎಲ್ಲವನ್ನೂ ಸುತ್ತಿ ಬಂದೆವು. ತಟ್ಟೆಯಗಲದ ಒಂದೆರಡು ಗುಳಿಗಳಿದ್ದವು, ಅವೂ ಒಣಗಿದ್ದವು.

ವಾಪಸು ಬಂದಾಗ ಜಯಮ್ಮ ಗುಂಡುಕಲ್ಲಿಗೆ ಒರಗಿ ಕುಳಿತಿದ್ದಳು. ಮುಖ ಕೆಂಪಾಗಿತ್ತು. ಹಣೆ ಮುಟ್ಟಿದೆ, ಸುಡುತ್ತಿತ್ತು. ಅಷ್ಟು ಬಿಸಿಲಿನಲ್ಲಿ ಹತ್ತಿಬಂದವಳ ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ. ಬಿಸಿಲು ಬಡಿದಿದೆ ಎಂದು ಗೊತ್ತಾಯಿತು. ವಾಂತಿ ಮಾಡಿಕೊಂಡಳು. ಆಮೇಲೆ ನನ್ನನ್ನೇ ನೋಡುತ್ತಾ, "ಕೊಟ್ಟಿಗೆ ಬಾಗ್ಲು ಹಾಕ್ಬಿಡಿ, ಕರು ಆಚೆ ಹೋಗುತ್ತೆ" ಎಂದಳು. ನಮ್ಮ ಮನೆಯಲ್ಲಿ ಕೊಟ್ಟಿಗೆಯೇ ಇರಲಿಲ್ಲ.

ಅವಳನ್ನು ಹೊತ್ತುಕೊಂಡು ಆ ಬಂಡೆ ಇಳಿಯುವುದು ಆಗದ ಮಾತು. ಗುಳಿಗಳ ಮೇಲೆ ಕಾಲಿಟ್ಟು ಒಬ್ಬೊಬ್ಬರು ಇಳಿಯುವುದೇ ಕಷ್ಟ. ಕೆಂಪರಾಜು ಎದ್ದುನಿಂತ.

"ನಾನು ಹೋಗಿ ನೀರು ತರ್ತೀನಿ ಕಣೋ. ಹನುಮಯ್ಯನವರನ್ನೂ ಕರ್ಕೊಂಡ್ ಬರ್ತೀನಿ. ನೀನು ಇವಳನ್ನ ಬಿಟ್ಟು ಅಲ್ಲಾಡ್ಬೇಡ."

"ಬೇಗ ಬಾರೋ," ಎಂದೆ. ಅವನು ಆಗಲೇ ಇಳಿಯುತ್ತಿದ್ದ.

ಜಮಖಾನ ಹಾಸಿ ಅವಳನ್ನು ಮಲಗಿಸಿ, ಡೇರೆಯ ಬಟ್ಟೆಯನ್ನು ಗುಂಡುಗಳ ಮೇಲೆ ಎಳೆದು ನೆರಳು ಮಾಡಿದೆ. ಟವಲಿನಿಂದ ಗಾಳಿ ಬೀಸುತ್ತಾ ಕುಳಿತೆ. ಹೊತ್ತು ಇಳಿಯಿತು. ಅವಳ ಮಾತು ಮೊದಲು ತೊದಲಾಯಿತು, ಆಮೇಲೆ ನಿಂತೇಹೋಯಿತು. ತುಟಿ ಬಿಳಿಚಿಕೊಂಡು ಸಿಪ್ಪೆ ಎದ್ದಿತ್ತು. ಹೆಸರು ಹಿಡಿದು ಕೂಗಿದರೆ ರೆಪ್ಪೆ ಮಾತ್ರ ಅಲುಗುತ್ತಿತ್ತು. ಹೀಗೇ ಬಿಟ್ಟರೆ ಕೆಂಪರಾಜು ಬರುವವರೆಗೆ ಇವಳು ಉಳಿಯುವುದಿಲ್ಲ ಎಂದು ಪಾಠ ಹೇಳುವ ಮೇಷ್ಟ್ರಿಗೆ ಗೊತ್ತಿತ್ತು, ಆದರೆ ಗೊತ್ತಿದ್ದು ಏನು ಮಾಡುವುದು? ದೇವರನ್ನು ಪ್ರಾರ್ಥಿಸಿದೆನೆಂದು ಹೇಳಿದರೆ ಕತೆಗೆ ಚೆನ್ನಾಗಿರುತ್ತದೆ. ಇಲ್ಲ, ಪ್ರಾರ್ಥಿಸಲಿಲ್ಲ. ತಲೆಯಲ್ಲಿ ಒಂದು ಮಾತೂ ಇರಲಿಲ್ಲ.

ಸೂರ್ಯ ಶಿವಗಂಗೆಯ ಹಿಂದೆ ಮುಳುಗಿದ. ಗಾಳಿ ಪೂರ್ತಿ ನಿಂತಿತು. ಅಷ್ಟು ಹೊತ್ತೂ ಕಿವಿ ತುಂಬಿದ್ದ ಹುಳುಗಳ ಸದ್ದು ಒಂದೇ ಸಲಕ್ಕೆ ನಿಂತಿತು. ಕೆಂಪರಾಜು ಬರುತ್ತಿದ್ದಾನೋ ಎಂದು ನೋಡಲು ಎದ್ದು ಬಂಡೆಯ ಅಂಚಿಗೆ ಹೋದೆ. ಕೆಳಗೆ ಯಾರೂ ಕಾಣಲಿಲ್ಲ. ಹಿಂದಿರುಗುವಾಗ ದೊಣೆಯ ಕಡೆಯಿಂದ ಒಂದು ಸದ್ದು ಕೇಳಿತು. ದನ ನೀರು ಕುಡಿದು ತಲೆ ಎತ್ತಿದಾಗ ಮೂತಿಯಿಂದ ಹನಿ ಬೀಳುತ್ತದಲ್ಲ, ಅಂಥ ಸಣ್ಣ ಸದ್ದು.

ನಾನು ಆ ಕಡೆ ನಡೆದೆ. ದೊಣೆ ಅಂಚಿನವರೆಗೆ ತುಂಬಿತ್ತು.

ಮುಸ್ಸಂಜೆಯ ಆಕಾಶ ಪೂರ್ತಿ ಅದರೊಳಗೆ ಮಲಗಿತ್ತು. ಒಂದು ಅಲೆಯಿಲ್ಲ, ಒಂದು ಎಲೆ ತೇಲುತ್ತಿಲ್ಲ. ಆಗತಾನೆ ಮೂಡಿದ ಒಂಟಿ ನಕ್ಷತ್ರ ನೀರಿನ ನಡುವೆ ಅಲುಗದೆ ನಿಂತಿತ್ತು. ನಾನು ಮಂಡಿಯೂರಿದೆ. ನನ್ನ ಮುಖ ಆ ನೀರಿನಲ್ಲಿ ಕಂಡಿತೋ ಇಲ್ಲವೋ ಎಂದು ಆಮೇಲೆ ಎಷ್ಟೋ ಸಲ ಜ್ಞಾಪಿಸಿಕೊಳ್ಳಲು ನೋಡಿದ್ದೇನೆ, ಆಗಿಲ್ಲ. ಕೈ ಇಳಿಸಿದೆ. ಮಣಿಕಟ್ಟಿನವರೆಗೆ ಜುಮ್ಮೆನ್ನುವ ತಂಪು. ದಿನವಿಡೀ ಕಾದ ಬಂಡೆಯ ಮೇಲೆ ಅಂಥ ನೀರು!

ಆ ಗಳಿಗೆಯಲ್ಲಿ ನನಗೆ ಹೆದರಿಕೆ ಆಗಲಿಲ್ಲ. ವಿಚಿತ್ರವೆಂದೂ ಅನಿಸಲಿಲ್ಲ. ದೊಡ್ಡವರ ಮನೆಗೆ ಕರೆಯದೆ ಹೋದವನಿಗೆ ಅವರೇ ಎದ್ದುಬಂದು ಎಲೆ ಹಾಕಿದರೆ ಹೇಗಾಗುತ್ತದೋ ಹಾಗಾಯಿತು. ಚಪ್ಪಲಿ ಬಿಟ್ಟಿದ್ದೆ ಎಂದು ಆಮೇಲೆ ಗಮನಕ್ಕೆ ಬಂತು, ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಓಡಿಹೋಗಿ ತಂಬಿಗೆ ತಂದೆ. ತುಂಬಿಕೊಂಡು ಹೋಗಿ ಅವಳ ತಲೆಗೆ ಸುರಿದೆ, ಮತ್ತೆ ಬಂದು ತುಂಬಿಕೊಂಡು ಹೋಗಿ ಮೈಗೆ ಸುರಿದೆ. ಟವಲು ಅದ್ದಿ ತುಟಿಗೆ ಹಿಂಡಿದೆ. ಮೊದಲು ಕಟವಾಯಿಯಿಂದ ಹೊರಗೆ ಹರಿಯಿತು, ಆಮೇಲೆ ಗಂಟಲು ಅಲುಗಿತು, ಆಮೇಲೆ ಗುಟುಕು ಗುಟುಕಾಗಿ ಕುಡಿದಳು. ಎಷ್ಟು ಸಲ ಓಡಾಡಿದೆನೋ ಎಣಿಸಲಿಲ್ಲ. ಹೋದಾಗಲೆಲ್ಲ ದೊಣೆ ಹಾಗೆಯೇ ತುಂಬಿತ್ತು, ತೆಗೆದಷ್ಟೂ ಅಂಚಿನಿಂದ ಇಳಿಯಲಿಲ್ಲ. ಕೊನೆಗೆ ಅವಳ ಹಣೆಯ ಬಿಸಿ ಇಳಿಯಿತು, ಉಸಿರು ಸಮವಾಯಿತು. ಕಣ್ಣು ಬಿಟ್ಟು ನನ್ನ ಮುಖ ಗುರುತಿಸಿ, "ಕತ್ಲಾಯ್ತಾ?" ಎಂದಳು. ನಾನು ತಂಬಿಗೆ ಕೆಳಗಿಟ್ಟೆ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಲಾಟೀನಿನ ಬೆಳಕು ಏರಿಬಂತು. ಹನುಮಯ್ಯ ನೀರಿನ ಬಿಂದಿಗೆ ಹೊತ್ತಿದ್ದರು. ಕೆಂಪರಾಜು ಏದುಸಿರು ಬಿಡುತ್ತಾ ಬಂದವನೇ ತಂಗಿಯ ತಲೆ ಮುಟ್ಟಿದ. ಕೂದಲು ತೊಪ್ಪೆಯಾಗಿತ್ತು. ಜಮಖಾನದಿಂದ ನೀರು ಬಂಡೆಯ ಮೇಲೆ ಹರಿದಿತ್ತು.

"ನೀರೆಲ್ಲಿಂದ ಬಂತೋ?"

"ದೊಣೇಲಿದೆ."

"ಯಾವ ದೊಣೇಲಿ?"

"ಅದೇ ದೊಣೇಲಿ ಕಣೋ. ತುಂಬಿದೆ."

ಅವನು ನನ್ನ ಹಣೆಯನ್ನೂ ಮುಟ್ಟಿ ನೋಡಿದ. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಎತ್ತಿ ಕುಡಿದ. "ಮಳೆ ನೀರಿದ್ದ ಹಾಗಿದೆಯಲ್ಲೋ," ಎಂದ. ಹನುಮಯ್ಯನವರೂ ಅಂಗೈಗೆ ಹಾಕಿಸಿಕೊಂಡು ಬಾಯಿಗೆ ಬಿಟ್ಟುಕೊಂಡರು. ಆ ಕತ್ತಲಲ್ಲಿ ಅವಳನ್ನು ಬಿಟ್ಟು ದೊಣೆ ನೋಡಲು ಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಅವಳನ್ನು ಒಣ ಜಾಗಕ್ಕೆ ಸರಿಸಿ ಮಲಗಿಸಿ, ಎಲ್ಲರೂ ಸುತ್ತಲೇ ಒರಗಿಕೊಂಡೆವು.

ಬೆಳಕು ಹರಿಯುತ್ತಿದ್ದಂತೆ ಮೂವರು ಗಂಡಸರೂ ಹೋದೆವು. ನಾನೇ ಮುಂದೆ ನಡೆದೆ. ದೊಣೆಯ ಅಂಚಿನಲ್ಲಿ ನನ್ನ ಚಪ್ಪಲಿಗಳು ಜೋಡಿಯಾಗಿ ಬಿದ್ದಿದ್ದವು. ಒಳಗೆ ನೀರಿರಲಿಲ್ಲ. ಬಿರುಕು ಬಿಟ್ಟ ಕೆಸರು, ಧೂಳು, ಒಣ ಎಲೆ. ಆ ಧೂಳಿನ ಮೇಲೆ ಹಿಂದಿನ ಮಧ್ಯಾಹ್ನ ನಾನು ಇಳಿದು ಓಡಾಡಿದ ಚಪ್ಪಲಿ ಗುರುತು ಒತ್ತಿದ್ದು ಒತ್ತಿದ ಹಾಗೇ ಇತ್ತು. ಕೋಲಿನಿಂದ ಕೆದಕಿದ ಗೀರೂ ಹಾಗೇ ಇತ್ತು. ಒಂದು ತಂಬಿಗೆ ನೀರು ಬಿದ್ದಿದ್ದರೂ ಅಳಿಸಿಹೋಗಬೇಕಾದ ಗುರುತು.

ಕೆಂಪರಾಜು ನನ್ನನ್ನು ಕೇಳುವ ಬದಲು ಡೇರೆಯ ಬಳಿ ಓಡಿಹೋಗಿ ಜಮಖಾನ ಎತ್ತಿ ಹಿಂಡಿದ. ನೀರು ಧಾರೆಯಾಗಿ ಸುರಿಯಿತು. ಹನುಮಯ್ಯ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು. ಬಿಸಿಲೇರುವ ಮೊದಲೇ ಜಯಮ್ಮನನ್ನು ನಡುವೆ ಇಟ್ಟುಕೊಂಡು ಒಂದೊಂದೇ ಗುಳಿಯಾಗಿ ಮೆಲ್ಲಗೆ ಇಳಿಸಿದೆವು.

ಹಳ್ಳಿಯಲ್ಲಿ ಹನುಮಯ್ಯನವರ ತಾಯಿ ಜಯಮ್ಮನಿಗೆ ಗಂಜಿ ಕುಡಿಸಿ ಮಲಗಿಸಿದಳು. ನಾನು ಆ ಅಜ್ಜಿಯ ಪಕ್ಕ ಕುಳಿತು ವಿಚಾರಿಸಿದೆ. ಆ ಬೆಟ್ಟದ ಮೇಲೆ ಯಾವ ದೇವರು, ಯಾರಾದರೂ ತೀರಿಕೊಂಡಿದ್ದರೇ, ಹಿಂದೆ ಹೀಗೆ ಯಾರಿಗಾದರೂ ಆಗಿತ್ತೇ? ಏನಾದರೂ ಒಂದು ಐತಿಹ್ಯ ಇದ್ದರೆ, ನಂಬದಿದ್ದರೂ, ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತಿತ್ತು. ಮುದುಕಿ ಎಲೆಯಡಿಕೆ ಜಗಿಯುತ್ತಾ ನನ್ನ ಮುಖ ನೋಡಿದಳು.

"ಕತೆ ಗಿತೆ ಏನೂ ಇಲ್ಲ ಕಣಪ್ಪ. ಅದು ಬರೀ ದೊಣೆ."

ನಾನು ಸುಮ್ಮನೆ ಬಿಡುವವನಲ್ಲ. ಎರಡು ವರ್ಷ ಬಿಟ್ಟು ಭೂಗರ್ಭಶಾಸ್ತ್ರ ಓದಿದ ಸ್ನೇಹಿತರೊಬ್ಬರನ್ನು ಕರೆದುಕೊಂಡು ಬೇಸಿಗೆಯ ಅದೇ ದಿನಗಳಲ್ಲಿ ಹೋದೆ. ಬಂಡೆಯ ಬಿರುಕಿನಿಂದ ನೀರು ಜಿನುಗುವುದುಂಟು, ಆದರೆ ಒಂದು ಸಂಜೆಗೆ ಇಷ್ಟು ತುಂಬಿ ಇಷ್ಟು ಬತ್ತುವುದಿಲ್ಲ, ಇಲ್ಲಿ ಬಿರುಕೂ ಇಲ್ಲ ಎಂದರು ಅವರು. ಗುರುತು ಅಳಿಸಿರಲಿಲ್ಲ ಎಂದಾಗ, "ನಿಮಗೆ ದಣಿವಾಗಿತ್ತು" ಎಂದರು. ಆಗಿತ್ತು, ಒಪ್ಪುತ್ತೇನೆ. ಮತ್ತೆ ಜಮಖಾನ? ಕೆಂಪರಾಜು ಕುಡಿದದ್ದು? ಅವರು ಕನ್ನಡಕ ಒರೆಸಿಕೊಂಡರು. ಇನ್ನೊಮ್ಮೆ ಕಾರ್ತಿಕದಲ್ಲಿ ಹೋದಾಗ ದೊಣೆಯಲ್ಲಿ ನಿಜವಾಗಿ ನೀರಿತ್ತು. ಹಸಿರಾಗಿ, ಗೊದಮೊಟ್ಟೆ ತುಂಬಿಕೊಂಡು, ಪಾಚಿಯ ವಾಸನೆ ಹೊಡೆಯುತ್ತಿತ್ತು. ಅದಕ್ಕೂ ಆ ಸಂಜೆಯ ನೀರಿಗೂ ಏನೂ ಸಂಬಂಧವಿರಲಿಲ್ಲ.

ಇಷ್ಟೇ ಆಗಿದ್ದರೆ ನೀರಿನ ಒಗಟೊಂದನ್ನು ಇಟ್ಟುಕೊಂಡು ಬದುಕುತ್ತಿದ್ದೆನೇನೋ. ಜಯಮ್ಮ ಈ ವಿಷಯದಲ್ಲಿ ಎಂದೂ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಪ್ರಜ್ಞೆ ಇರಲಿಲ್ಲ, ನೆನಪಿಲ್ಲ ಎಂದೇ ನಾನು ತಿಳಿದಿದ್ದೆ. ಎಷ್ಟೋ ವರ್ಷಗಳ ಮೇಲೆ ಒಂದು ಮಧ್ಯಾಹ್ನ ಮನೆಗೆ ಬಂದ ನೆಂಟರೊಬ್ಬರಿಗೆ ನಾನು ಈ ಕತೆ ಹೇಳುತ್ತಿದ್ದೆ. ಅವಳು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ತಂಬಿಗೆ ಹಿಡಿದು ಓಡಾಡಿದ್ದನ್ನು ಹೇಳುವಾಗ ಕೈ ನಿಲ್ಲಿಸಿದಳು. ನೆಂಟರು ಹೋದ ಮೇಲೆ ಕೇಳಿದಳು.

"ಅಲ್ಲಾರೀ, ನೀವು ಎದ್ದು ಹೋಗಿದ್ದು ಯಾವಾಗ?"

"ಎಷ್ಟೋ ಸಲ ಹೋದೆ. ಇಲ್ದಿದ್ರೆ ನೀರು ಹೇಗೆ ತರ್ಲಿ?"

"ಇಲ್ಲ. ನೀವು ನನ್ನ ಕೈ ಹಿಡ್ಕೊಂಡೇ ಕೂತಿದ್ರಲ್ಲ. ಸಂಜೆಯಿಂದ ಅಣ್ಣ ಬರೋವರ್ಗೂ ಬಿಡ್ಲೇ ಇಲ್ಲ. ಬಿಟ್ರೆ ಎಲ್ಲಿ ಬಿದ್ದೋಗ್ತೀನೋ ಅಂತ ನಾನೂ ಗಟ್ಟಿಯಾಗಿ ಹಿಡ್ಕೊಂಡಿದ್ದೆ."

ನಾನು ಅವಳ ಕೈ ಹಿಡಿದು ಕೂತಿರಲಿಲ್ಲ. ಒಂದು ಕೈಯಲ್ಲಿ ಟವಲು, ಒಂದು ಕೈಯಲ್ಲಿ ತಂಬಿಗೆ. ಅವಳ ಬಲಗಡೆ ನಾನು ಮಂಡಿಯೂರುತ್ತಿದ್ದೆ. ಯಾವ ಕೈ ಎಂದು ಕೇಳಿದೆ. ಅವಳು ಎಡಗೈ ಎತ್ತಿ ತೋರಿಸಿದಳು.

"ಹೇಗಿತ್ತು ಆ ಕೈ?"

ಅವಳು ಮತ್ತೊಂದು ಅವರೆಕಾಯಿ ಬಿಡಿಸಿದಳು. ಮುಖದಲ್ಲಿ ಭಯವಿರಲಿಲ್ಲ.

"ತಣ್ಣಗಿತ್ತು. ಅದಕ್ಕೇ ನೀವು ನೀರಲ್ಲಿ ಅದ್ದಿಕೊಂಡು ಬಂದು ಹಿಡ್ಕೊಂಡಿದೀರಾ ಅಂದ್ಕೊಂಡೆ."

ಇದಾಗಿ ಬಹಳ ಕಾಲವಾಯಿತು. ನಮ್ಮಿಬ್ಬರಿಗೂ ವಯಸ್ಸಾಗಿದೆ. ಇದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಬೇರೆ ಸಂದೇಹಗಳನ್ನೆಲ್ಲ ತರಗತಿಯಲ್ಲಿ ನಿಂತು ಬಗೆಹರಿಸಿದವನು ನಾನು. ಇದೊಂದರ ಎದುರಿಗೆ ಮಾತ್ರ ನನಗೆ ಯಾವ ಪ್ರಶ್ನೆ ಕೇಳಬೇಕೆಂಬುದೇ ತೋಚುವುದಿಲ್ಲ. ಕೆಲವು ಸಂಜೆ ಅವಳು ಜಗಲಿಯ ಮೇಲೆ ಸುಮ್ಮನೆ ಕುಳಿತಿರುವಾಗ ಎಡಗೈ ಮಡಿಲಲ್ಲಿ ಮೇಲ್ಮುಖವಾಗಿ ಬಿಚ್ಚಿಕೊಂಡಿರುತ್ತದೆ. ನಾನು ಅವಳ ಬಲಗಡೆ ಹೋಗಿ ಕುಳಿತುಕೊಳ್ಳುತ್ತೇನೆ.